ಓಬಳೆಪ್ಪನ ಅಂಬಾಸಿಡರ್ ಮತ್ತು ಕುಬಸದ ಗುರುವಾರ

ಹಳೆಯ ಕಾರುಗಳ ಮೇಲೆ ಈಗ ಎಲ್ಲರಿಗೂ ಪ್ರೀತಿ ಹುಟ್ಟಿದೆ. ಮೊಬೈಲಿನಲ್ಲಿ ಅಂಬಾಸಿಡರಿನ ಚಿತ್ರ ಬಂದರೆ ಸಾಕು, ‘ಆ ಕಾಲವೇ ಬೇರೆ’ ಎಂದು ಬರೆದು ಕೈಮುಗಿಯುತ್ತಾರೆ. ಹಾಗೆ ಬರೆಯುವವರಲ್ಲಿ ಹೆಚ್ಚಿನವರು ಒಂದು ದಿನವೂ ಅದನ್ನು ನೂಕಿದವರಲ್ಲ. ನಾನು ನೂಕಿದ್ದೇನೆ. ಯಲಬುರ್ಗಾದ ನಮ್ಮ ಓಣಿಯ ಗಂಡಸರೆಲ್ಲ ನೂಕಿದ್ದಾರೆ. ಆ ಕಾರಿನ ಹಿಂಭಾಗ ನಮಗೆ ಗೊತ್ತಿರುವಷ್ಟು ಅದರ ಸೀಟು ಗೊತ್ತಿಲ್ಲ. ಹಾಗೆಂದು ಹೊಸ ಕಾರುಗಳ ಬಗ್ಗೆ ನನಗೆ ಗೌರವವಿದೆ ಎಂದು ತಿಳಿಯಬೇಡಿ. ಅವುಗಳ ಸಂಗತಿಯೂ ಮುಂದೆ ಬರುತ್ತದೆ.

ನಮ್ಮ ದೊಡ್ಡಪ್ಪ ಓಬಳೆಪ್ಪ ಜೀವಮಾನವೆಲ್ಲ ಒಂದೇ ಕಾರು ಓಡಿಸಿದವನು. ಅದು ದವಸದ ಅಡತಿ ಅಂಗಡಿಯ ಗವಿಸಿದ್ದಪ್ಪ ಸಾಹುಕಾರರ ಅಂಬಾಸಿಡರ್. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಸಾಹುಕಾರರು ತಂದಿದ್ದರು. ದೊಡ್ಡಪ್ಪ ಮೊದಲು ಅದನ್ನು ತೊಳೆಯುವ ಕೆಲಸಕ್ಕೆ ಸೇರಿದ. ಮೊದಲಿದ್ದ ಡ್ರೈವರ್ ದಾದೇಸಾಬ ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಇವನೇ ಡ್ರೈವರ್ ಆದ. ಆ ಕಾರಿನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದು, ಎಡಗೈಯಿಂದ ಮೇಲೆ ಕೆಳಗೆ ಆಡಿಸಬೇಕು. ಅದನ್ನು ಆಡಿಸಿ ಆಡಿಸಿ ದೊಡ್ಡಪ್ಪನ ಎಡಗೈ ಹಾಗೆಯೇ ನಿಂತುಬಿಟ್ಟಿದೆ. ಊಟಕ್ಕೆ ಕುಳಿತರೂ, ಕಟ್ಟೆಯ ಮೇಲೆ ಹರಟೆಗೆ ಕುಳಿತರೂ ಅದು ಗೇರು ಹಿಡಿದಂತೆ ಮಡಚಿರುತ್ತದೆ.

ಕೊಪ್ಪಳದ ಕೋರ್ಟಿಗೆ, ಗಂಗಾವತಿಯ ಅಕ್ಕಿ ಗಿರಣಿಗೆ, ಮದುವೆಗೆ, ಮಣ್ಣಿಗೆ, ಎಲ್ಲಿಗೆ ಹೋದರೂ ಸಾಹುಕಾರರ ಮನೆಯವರು ಹಿಂದೆ ಕೂರುತ್ತಿದ್ದರು. ಸೀಟಿನ ಮೇಲೆ ಸಾಹುಕಾರ್ತಿ ಕೈಯಾರೆ ಹೂವು ಹೆಣೆದ ಬಿಳಿಯ ಹೊದಿಕೆ. ಎಲ್ಲರೂ ಒಳಗೆ ಉಂಡ ಮೇಲೆ ದೊಡ್ಡಪ್ಪನಿಗೆ ಹೊರಗೆ ಎಲೆ ಹಾಕುತ್ತಿದ್ದರು. ಊರಿಗೆ ಬಂದ ಮೇಲೆ ಆ ಹೊದಿಕೆಯನ್ನು ಜಾಡಿಸಿ ಹಾಸುವವನೂ ಅವನೇ. ಅದರ ಮೇಲೆ ಒಮ್ಮೆಯೂ ಕೂತವನಲ್ಲ. ಆದರೂ ‘ನಮ್ಮ ಗಾಡಿ’ ಎನ್ನುತ್ತಿದ್ದ. ಓಣಿಯವರು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವನ ಹೆಂಡತಿ, ನಮ್ಮ ದೊಡ್ಡವ್ವ ದುರಗಮ್ಮ.

ದೊಡ್ಡವ್ವ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬಾಯಿ ಒಲೆಗಿಂತ ಬಿಸಿ. ಆ ಕಾರಿನ ಮೇಲೆ ಅವಳಿಗೆ ಇರುವ ತಿರಸ್ಕಾರಕ್ಕೆ ಒಂದು ಕಾರಣವಿದೆ. ಮಗಳು ವಿಜಯಲಕ್ಷ್ಮಿ ಹೊಟ್ಟೆಯಲ್ಲಿದ್ದು ಇವಳಿಗೆ ಹೆರಿಗೆ ನೋವು ಬಂದ ದಿನ ಕಾರು ಸಾಹುಕಾರರನ್ನು ಕೂರಿಸಿಕೊಂಡು ಗಂಗಾವತಿಗೆ ಹೋಗಿತ್ತು. ಓಡಿಸುತ್ತಿದ್ದವನು ಗಂಡನೇ. ಓಣಿಯವರು ದೊಡ್ಡವ್ವನನ್ನು ಎತ್ತು ಕಟ್ಟಿದ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ದವಾಖಾನೆಗೆ ಹೊಡೆದರು. ದವಾಖಾನೆ ಬರುವ ಮೊದಲೇ ವಿಜಯಲಕ್ಷ್ಮಿ ಬಂದಳು. ಸಂಜೆ ದೊಡ್ಡಪ್ಪ ಕಾರು ತಂದು ದವಾಖಾನೆಯ ಮುಂದೆ ನಿಲ್ಲಿಸಿ ಹಾರ್ನು ಬಾರಿಸಿದನಂತೆ. ಒಳಗಿನಿಂದ ದೊಡ್ಡವ್ವ, “ಯಾರ ಹೆಣ ಒಯ್ಯಾಕ ಬಂದೈತಿ ಕೇಳ್ರಿ ಅದನ್ನ” ಅಂದಳಂತೆ. ಈ ಮಾತನ್ನು ಅವಳು ಇವತ್ತಿಗೂ ಹಬ್ಬ ಹುಣ್ಣಿಮೆಗೆ ತಪ್ಪದೆ ಹೇಳುತ್ತಾಳೆ. ದೊಡ್ಡಪ್ಪ ಆಗೆಲ್ಲ ಎದ್ದು ಹೊರಗೆ ಹೋಗುತ್ತಾನೆ.

ಗವಿಸಿದ್ದಪ್ಪ ಸಾಹುಕಾರರು ತೀರಿಕೊಂಡ ಮೇಲೆ ಮಗ ಪ್ರಭುರಾಜ ದೊಡ್ಡದೊಂದು ಹೊಸ ಗಾಡಿ ತಂದ. ಎಮ್ಮೆಯಷ್ಟು ಎತ್ತರ, ಕಪ್ಪು ಗಾಜು, ಮೂಗಿನ ತುಂಬ ಜಾಲರಿ. ಮೊದಲ ದಿನ ದೊಡ್ಡಪ್ಪ ಬಾಗಿಲ ಹತ್ತಿರ ನಿಂತು ಕೇಳಿದ.

“ಕೀಲಿ ಎಲ್ಲೈತ್ರಿ ಸಾವ್ಕಾರ?”

“ಕೀಲಿ ಹಾಕಿ ತಿರುವೂದಿಲ್ಲೋ ಓಬಳೆಪ್ಪ. ಕಿಸೇದಾಗ ಇದ್ರ ಸಾಕು. ಗುಂಡಿ ಒತ್ತಿದ್ರ ಚಾಲೂ ಆಕೈತಿ.”

“ಕಿಸೇದಾಗ ಇದ್ದದ್ದು ಗಾಡಿಗೆ ಹೆಂಗ ತಿಳಿತೈತ್ರಿ?”

“ತಿಳಿತೈತಪ್ಪ.”

“ಹಂಗಾರ ಕಿಸೆಗಳ್ಳರಿಗೆ ಛಲೋ ಆತು ಬಿಡ್ರಿ.”

ಪ್ರಭುರಾಜ ನಗಲಿಲ್ಲ. ಆ ಗಾಡಿಗೆ ಗೇರು ಹಾಕುವ ಕೆಲಸವೂ ಇರಲಿಲ್ಲ. ತಾನೇ ಹಾಕಿಕೊಳ್ಳುತ್ತಿತ್ತು. ದೊಡ್ಡಪ್ಪನ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿ ಹುಡುಕಿ ಸುಮ್ಮನಾಗುತ್ತಿತ್ತು. ಕೋಳಿ ಅಡ್ಡ ಬಂದರೆ ಗಾಡಿ ಕಿರುಚುತ್ತಿತ್ತು, ಗೋಡೆ ಹತ್ತಿರ ಬಂದರೆ ಕಿರುಚುತ್ತಿತ್ತು. ಒಂದು ವಾರ ಕಳೆಯುವುದರೊಳಗೆ ಪ್ರಭುರಾಜ, “ಓಬಳೆಪ್ಪ, ನಿನಗೂ ವಯಸ್ಸಾತು. ಇನ್ನ ಆರಾಮ ಇರು. ನಾನ ಹೊಡ್ಕೊಂತೀನಿ” ಅಂದ. ಗೋದಾಮಿನ ಮೂಲೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಅಂಬಾಸಿಡರನ್ನು ತೋರಿಸಿ, “ಅದನ್ನ ನೀನ ಒಯ್ಯಿ. ನಮ್ಮಪ್ಪ ಇದ್ದಿದ್ರ ಹಂಗ ಅಂತಿದ್ದ” ಎಂದ. ಕಾಗದಪತ್ರವನ್ನೂ ದೊಡ್ಡಪ್ಪನ ಹೆಸರಿಗೆ ಮಾಡಿಸಿಕೊಟ್ಟ. ಅದು ಉದಾರತನವೋ, ಜಾಗ ಖಾಲಿ ಮಾಡಿಸುವ ಉಪಾಯವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ದೊಡ್ಡಪ್ಪ ಅದನ್ನು ಗ್ಯಾರೇಜಿನ ಯೂಸುಫನ ಹತ್ತಿರ ಬಿಟ್ಟ. ಪುಕ್ಕ, ಮೊಟ್ಟೆಯ ಸಿಪ್ಪೆ, ಇಲಿಗೂಡು ಎಲ್ಲ ತೆಗೆಸಿ, ತುಕ್ಕು ಕೆರೆಸಿ, ಮತ್ತೆ ಹಾಲಿನಂಥ ಬಿಳಿ ಬಣ್ಣ ಹೊಡೆಸಿದ. ಅಂದಿನಿಂದ ಅವನಿಗೆ ಒಂದೇ ಕೆಲಸ. ಕಟ್ಟೆಯ ಮೇಲೆ ಕುಳಿತು, ಹಾದುಹೋಗುವ ಹೊಸ ಗಾಡಿಗಳನ್ನು ಬೈಯುವುದು.

“ಬಾಗಲಾ ಹಾಕಿದ್ರ ಧಡ್ ಅನ್ನಬೇಕು. ಇವು ಟಪ್ ಅಂತಾವ, ಅವಲಕ್ಕಿ ಡಬ್ಬಿ ಮುಚ್ಚಿದಂಗ.”

“ಬಂಪರ್ ನೋಡೋ. ಪ್ಲಾಸ್ಟಿಕ್ಕು. ಆಡು ಗುದ್ದಿದ್ರ ಆಡಿಗೇನೂ ಆಗಂಗಿಲ್ಲ.”

“ದೀಪ ನೋಡು, ಓರೆಗಣ್ಣು. ಮನುಷ್ಯಾನ್ನ ನೆಟ್ಟಗ ನೋಡಾಂಗಿಲ್ಲ ಅವು.”

ಒಳಗಿನಿಂದ ದೊಡ್ಡವ್ವ ಉತ್ತರ ಕೊಡುತ್ತಿದ್ದಳು. “ನಿಮ್ಮದು ನೆಟ್ಟಗ ನೋಡತೈತಿ, ಖರೇ. ನಿಂತಲ್ಲೇ ನಿಂತು ನೋಡತೈತಿ.”

ಅವಳ ಮಾತು ಸುಳ್ಳಲ್ಲ. ಚಳಿಗಾಲದ ಬೆಳಿಗ್ಗೆ ಅದನ್ನು ನೂಕಿಯೇ ಚಾಲೂ ಮಾಡಬೇಕು. ಮಳೆ ಬಂದರೆ ಬಾಗಿಲಿನ ಸಂದಿಯಿಂದ ನೀರು. ಮಳೆ ಇಲ್ಲದಿದ್ದರೆ ಅದೇ ಸಂದಿಯಿಂದ ಕರಿಮಣ್ಣಿನ ಧೂಳು. ಸಂತೆಗೆ ಹೋಗಿ ಬರಲು ಅದು ಕುಡಿಯುವ ಪೆಟ್ರೋಲಿನಲ್ಲಿ ಬೈಕು ಕೊಪ್ಪಳಕ್ಕೆ ಹೋಗಿ ಬರುತ್ತದೆ. ಕಾರು ನಮ್ಮ ಬಾಗಿಲಿಗೆ ಬಂದ ಮೇಲೂ ದೊಡ್ಡವ್ವ ಅದರೊಳಗೆ ಕಾಲಿಡಲಿಲ್ಲ. ದೊಡ್ಡಪ್ಪ ಕರೆದಾಗಲೆಲ್ಲ, “ನನಗ ಬಸ್ಸೈತಿ” ಎನ್ನುತ್ತಿದ್ದಳು.

ಇಷ್ಟೆಲ್ಲ ಆದರೂ ದೊಡ್ಡಪ್ಪ ಆ ಕಾರನ್ನು ಒಂದು ದಿನಕ್ಕಾಗಿ ಕಾಯ್ದಿಟ್ಟಿದ್ದ. ವಿಜಯಲಕ್ಷ್ಮಿ ಬಸುರಿಯಾಗಿದ್ದಳು. ಅವಳನ್ನು ಕೊಟ್ಟದ್ದು ಕುಷ್ಟಗಿಗೆ. ಅಳಿಯ ಹನುಮೇಶ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಬೀಗ ಯಮನೂರಪ್ಪ ಸರಕಾರಿ ಕಚೇರಿಯಲ್ಲಿ ಸಿಪಾಯಿಯಾಗಿ ನಿವೃತ್ತನಾದವನು. ಮದುವೆಯ ಮಾತುಕತೆಯಲ್ಲಿ ಯಮನೂರಪ್ಪ ಎಲೆಯಡಿಕೆ ಜಗಿಯುತ್ತ, “ನಮ್ಮ ಬೀಗ್ರು ಕಾರಿನಾಗ ಅಡ್ಡ್ಯಾಡಿದವ್ರು ನೋಡ್ರಿ. ಏನಂದ್ರ, ಮುಂದಿನ ಸೀಟಿನ್ಯಾಗ” ಅಂದಿದ್ದ. ಎಲ್ಲರೂ ನಕ್ಕಿದ್ದರು. ದೊಡ್ಡಪ್ಪನೂ ನಕ್ಕಿದ್ದ. ಆದರೆ ಆ ಮಾತು ಅವನೊಳಗೆ ಮುಳ್ಳಿನಂತೆ ಮುರಿದು ಉಳಿದಿತ್ತು.

ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತಾರೆ. ತವರಿನವರೇ ಹೋಗಿ ತಮ್ಮ ಗಾಡಿಯಲ್ಲಿ ಕರೆತರಬೇಕು. ಗಂಡನ ಮನೆಯ ಗಾಡಿಯಲ್ಲಿ ಬಂದಿಳಿದರೆ ನೋಡಿದವರು ‘ಬಿಟ್ಟು ಹೋದರು’ ಎನ್ನುತ್ತಾರೆ. ಇನ್ನೊಂದು, ಮಡಿಲಿಗೆ ಅಕ್ಕಿ ಕಾಯಿ ಹಾಕಿಸಿ ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಬಸುರಿ ಅಂದು ಮತ್ತೆ ಆ ಮನೆಯೊಳಗೆ ಕಾಲಿಡುವಂತಿಲ್ಲ.

ಕುಬಸ ಗುರುವಾರಕ್ಕೆ ಗೊತ್ತಾಯಿತು. ದೊಡ್ಡಪ್ಪ ನನ್ನನ್ನು ಕರೆದು, “ಅಕಿ ಹುಟ್ಟುವಾಗ ಈ ಗಾಡಿ ಊರಾಗ ಇರಲಿಲ್ಲ. ಅಕಿ ಹಡಿಯಾಕ ಬರೂದು ಇದರಾಗ ಆಗಬೇಕು. ಹಿಂದಿನ ಸೀಟಿನ್ಯಾಗ. ನೀನೂ ಬಾ” ಅಂದ. ಅವನು ಇಷ್ಟು ಬಿಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೂಕಲು ಒಬ್ಬ ಬೇಕಲ್ಲ ಎಂಬುದೂ ಅದರಲ್ಲಿ ಸೇರಿತ್ತು ಅನ್ನಿ.

ಗುರುವಾರ ಬೆಳಿಗ್ಗೆ ದೊಡ್ಡಪ್ಪ ಬಿಳಿ ಅಂಗಿ, ಹೊಸ ಧೋತರ ಉಟ್ಟು, ಕಾರಿಗೆ ವಿಭೂತಿ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟ. ನಾನು ಮುಂದೆ ಕುಳಿತೆ. ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಹಸಿರು ಬಳೆ, ತಿಂಡಿಯ ಬುಟ್ಟಿಗಳು. ಓಣಿಯ ಹೆಂಗಸರೊಂದಿಗೆ ದೊಡ್ಡವ್ವ ಬಸ್ಸಿನಲ್ಲಿ ನಮಗಿಂತ ಮೊದಲೇ ಮುಟ್ಟಿ, ಬೀಗರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ನಮ್ಮನ್ನು ಕಂಡು, “ಬಂದ್ರೇನ? ನಾ ಇಲ್ಲೇ ಒಂದು ನಿದ್ದಿ ತಗದೆ” ಎಂದಳು.

ಬೀಗರ ಮನೆಯ ಮುಂದೆ ಹನುಮೇಶನ ಹೊಸ ಗಾಡಿ ನಿಂತಿತ್ತು, ಬಾಳೆಕಂದು ಕಟ್ಟಿಸಿಕೊಂಡು. ಪ್ರಭುರಾಜನ ಗಾಡಿಯ ತಮ್ಮನಂತಿತ್ತು. ದೊಡ್ಡಪ್ಪ ಅಂಬಾಸಿಡರನ್ನು ಅದರ ಪಕ್ಕದಲ್ಲೇ ಬೇಕೆಂದು ನಿಲ್ಲಿಸಿ ಬಾಗಿಲು ಹಾಕಿದ. ಧಡ್ ಎಂದಿತು. ಯಮನೂರಪ್ಪ ಹೊರಗೆ ಬಂದ.

“ಬರ್ರಿ ಬೀಗ್ರ. ಇವತ್ತು ಯಾರನ್ನ ಕರ್ಕೊಂಡು ಬಂದ್ರಿ? ಸಾವ್ಕಾರ್ರು ಎಲ್ಲಿ?”

“ಸಾವ್ಕಾರ ನಾನ ಈಗ” ಎಂದ ದೊಡ್ಡಪ್ಪ. “ಗಾಡಿ ನಂದು.”

“ಹೌದೇನ? ಛಲೋ ಆತು ಬಿಡ್ರಿ. ಹಳೇ ಸಾಮಾನು ಹಳಬರಿಗೆ.”

ಕುಬಸ ಚೆನ್ನಾಗಿಯೇ ನಡೆಯಿತು. ವಿಜಯಲಕ್ಷ್ಮಿ ಹಸಿರು ಸೀರೆಯುಟ್ಟು, ಮೊಣಕೈವರೆಗೆ ಹಸಿರು ಬಳೆ ಹಾಕಿಸಿಕೊಂಡು ಕುಳಿತಳು. ಹೆಂಗಸರು ಹಾಡಿದರು. ಊಟವಾಯಿತು. ದೊಡ್ಡಪ್ಪನಿಗೆ ಮೊದಲ ಪಂಕ್ತಿಯಲ್ಲಿ, ಯಮನೂರಪ್ಪನ ಪಕ್ಕದಲ್ಲೇ ಎಲೆ. ಅವನು ಹೋಳಿಗೆಗಿಂತ ಆ ಜಾಗವನ್ನೇ ಹೆಚ್ಚು ಸವಿದ ಎಂದು ನನಗನ್ನಿಸಿತು. ಒಂದೂವರೆಗೆ ರಾಹುಕಾಲ. ಅದಕ್ಕೆ ಮೊದಲೇ ಹೊರಡಬೇಕು. ಒಳಗೆ ಉಡಿ ತುಂಬುವ ಸಿದ್ಧತೆ ನಡೆದಿತ್ತು. ಹೊರಗೆ ಗಂಡಸರು ಎರಡು ಗಾಡಿಗಳ ನಡುವೆ ನಿಂತಿದ್ದರು.

“ಮಾವಾರ, ಇದರಾಗ ಏಸಿ ಐತಿ, ಆರು ಏರ್‌ಬ್ಯಾಗ್ ಅದಾವು” ಎಂದ ಹನುಮೇಶ. ಕೆಟ್ಟ ಹುಡುಗನಲ್ಲ. ಗಾಡಿಯ ಮಾತು ಬಂದಾಗ ಮಾತ್ರ ಮಾರುವವನಂತೆ ಆಡುತ್ತಾನೆ.

“ಗಾಳಿಚೀಲ ಯಾಕ ಬೇಕಪ್ಪ? ಬಡಿಸ್ಕೋತೀವಿ ಅಂತ ಮೊದಲ ಗ್ಯಾರಂಟಿ ಐತೇನು?”

“ಹಂಗಲ್ರಿ…”

“ಬಾನೆಟ್ ತಗಿ ನೋಡೂಣು.”

ಹನುಮೇಶ ಬಾನೆಟ್ ತೆಗೆದ. ಒಳಗೆ ಎಲ್ಲ ಕಪ್ಪು ಪ್ಲಾಸ್ಟಿಕ್ಕಿನ ಹಲಗೆ ಮುಚ್ಚಿತ್ತು. ದೊಡ್ಡಪ್ಪ ಅದನ್ನು ಬೆರಳಿನಿಂದ ಬಾರಿಸಿದ. “ಎಂಜಿನ್ ಎಲ್ಲೈತಿ? ಬುರ್ಖಾ ಹಾಕ್ಯಾರಲ್ಲೋ ಇದಕ್ಕ.” ಆಮೇಲೆ ತನ್ನ ಅಂಬಾಸಿಡರಿನ ಬಾನೆಟ್ಟನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸಿದ. “ಇಕಾ ನೋಡ್ರಿ. ಒಂದೊಂದು ನಟ್ಟು ಕಾಣತೈತಿ. ಸಂದ್ಯಾಗ ನೋಡಿದ್ರ ಕೆಳಗಿನ ನೆಲಾ ಕಾಣತೈತಿ. ಮುಚ್ಚಿಡೂದು ಏನೂ ಇಲ್ಲ ಇದರಾಗ.”

ಜನ ಸೇರಿತು. ಬೀಗರ ಓಣಿಯವರೆಲ್ಲ ಬಂದು ಬಗ್ಗಿ ಬಗ್ಗಿ ನೋಡಿದರು. ವಯಸ್ಸಾದವರು ‘ಅಬಾಬಾ’ ಎಂದರು. ದೊಡ್ಡಪ್ಪ ಎಡಗೈ ಮಡಚಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ವಿಜಯಲಕ್ಷ್ಮಿ ತುಂಬಿದ ಉಡಿ ಹಿಡಿದು ಹೊಸ್ತಿಲು ದಾಟಿ ಬಂದಳು. ಹಿಂದೆ ಅವಳ ಅತ್ತೆ ಹುಲಿಗೆಮ್ಮ, ಕೈಯಲ್ಲಿ ಅರಿಷಿಣ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ. ಸೊಸೆಗೆ ನೀವಾಳಿಸಿ, ಆ ನೀರನ್ನು ಗಾಡಿಯ ಮುಂದೆ ನೆಲಕ್ಕೆ ಚೆಲ್ಲುವುದು ವಾಡಿಕೆ. ಹುಲಿಗೆಮ್ಮ ನೀವಾಳಿಸಿದಳು. ಗಾಡಿಯ ಹತ್ತಿರ ಬಂದಳು. ಅಷ್ಟೊಂದು ಜನ ಬಾನೆಟ್ಟಿನೊಳಗೆ ಕಣ್ಣು ನೆಟ್ಟಿದ್ದನ್ನು ಕಂಡಳು. ದೃಷ್ಟಿ ಎಲ್ಲಿ ತಾಗಿದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ.

“ಸರೀರಿ, ಸರೀರಿ. ಊರ ಕಣ್ಣೆಲ್ಲ ಇದರಾಗ ಬಿದ್ದೈತಿ” ಎಂದವಳೇ, ತಟ್ಟೆಯ ನೀರನ್ನೆಲ್ಲ ಎಂಜಿನ್ನಿನ ಮೇಲೆ ಸುರಿದುಬಿಟ್ಟಳು.

ದೊಡ್ಡಪ್ಪ ಕೊಟ್ಟಿದ್ದ ಕೋಲು ತೆಗೆದ. ಮೆಲ್ಲಗೆ ಬಾನೆಟ್ ಇಳಿಸಿದ. ಒಳಗೆ ಕುಳಿತು ಕೀಲಿ ತಿರುವಿದ. ಗರ್ ಗರ್ ಎಂದಿತು. ಮತ್ತೆ ತಿರುವಿದ. ಗರ್ ಗರ್. ಆಮೇಲೆ ಅದೂ ಕ್ಷೀಣವಾಯಿತು.

“ಏನಾತ್ರಿ ಬೀಗ್ರ?” ಎಂದ ಯಮನೂರಪ್ಪ.

“ಬ್ಯಾಟ್ರಿ ಜರಾ…” ಎಂದ ದೊಡ್ಡಪ್ಪ.

ನೂಕಿದೆವು. ನಾನು, ಹನುಮೇಶ, ಓಣಿಯ ನಾಲ್ಕು ಜನ. ಕೊನೆಗೆ ಇಸ್ತ್ರಿ ಧೋತರದ ಯಮನೂರಪ್ಪನೂ ಕೈ ಹಚ್ಚಿದ. ಓಣಿಯ ತುದಿಗೆ ಹೋಗಿ, ಅಲ್ಲಿಂದ ತಿರುಗಿಸಿ ಮತ್ತೆ ಮನೆಯ ಮುಂದಕ್ಕೆ ತಂದೆವು. ಕಾರು ಉಸಿರೂ ಬಿಡಲಿಲ್ಲ. ಯಮನೂರಪ್ಪ ಸೊಂಟ ಹಿಡಿದುಕೊಂಡು ನಿಂತ.

“ಬೀಗ್ರ, ಒಂದು ಕೇಳ್ಲಿ? ನಿಮ್ಮ ಗಾಡಿ ಕಿಲೋಮೀಟರಿಗೆ ಎಷ್ಟು ಮಂದಿ ತಿಂತೈತಿ?”

ಓಣಿಗೆ ಓಣಿಯೇ ನಕ್ಕಿತು. ದೊಡ್ಡಪ್ಪ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕುಳಿತಿದ್ದ. ನಾನು ಕಿಟಕಿಗೆ ಬಗ್ಗಿ, “ದೊಡ್ಡಪ್ಪ, ನೀರು ಬಿದ್ದೈತಲ್ಲ, ಬಾನೆಟ್ ತಗದು ಒರಸೂಣೇನು?” ಎಂದು ಮೆಲ್ಲಗೆ ಕೇಳಿದೆ.

“ಬಾಯಿ ಮುಚ್ಚು” ಎಂದ ಹಲ್ಲು ಕಚ್ಚಿ. “ಬಸುರಿಗೆ ನೀವಾಳಿಸಿದ ನೀರದು. ಒರಸಿದ್ರ ಏನಂತಾರ? ನೀವಾಳಿಸಿದ್ದಕ್ಕ ಗಾಡಿ ಕೆಟ್ಟಿತು ಅಂದ್ರ ಏನಂತಾರ? ಹೊಟ್ಯಾಗಿನ ಕೂಸಿಗೆ ಹಚ್ಚತಾರ ಆ ಮಾತ. ಒಣಗಲಿ. ತಾನ ಒಣಗಲಿ.”

ಆಗ ನನಗೆ ಅವನ ಸಂಕಟ ತಿಳಿಯಿತು. ಏನಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಬಟ್ಟೆ ತೆಗೆದುಕೊಂಡು ಒರೆಸಿದರೆ ಮುಗಿಯಿತು. ಆದರೆ ಒರೆಸುವಂತಿಲ್ಲ, ಹೇಳುವಂತಿಲ್ಲ. ಎಲ್ಲರೂ ತನ್ನ ಕಾರನ್ನು ನೋಡಿ ನಗುವುದನ್ನು ಕೇಳುತ್ತ, ಬ್ಯಾಟರಿಯ ಮೇಲೆ ಸುಳ್ಳು ಹೊರಿಸಿ ಕುಳಿತಿರಬೇಕು.

ಹನುಮೇಶ ಹೊಸ ಗಾಡಿಗೆ ಹಗ್ಗ ಕಟ್ಟಿ ಎಳೆಯೋಣ ಎಂದು ಮುಂದೆ ಬಂದ. ಆದರೆ ಎಲ್ಲಿಗೆ ಕಟ್ಟುವುದು? ಹಿಂದೆಯೂ ಮುಂದೆಯೂ ನುಣ್ಣನೆಯ ಪ್ಲಾಸ್ಟಿಕ್ಕು. ಎಳೆಯುವ ಕೊಂಡಿ ಎಲ್ಲೋ ಒಳಗೆ ಇರುತ್ತದಂತೆ, ಅದನ್ನು ಎಲ್ಲಿಟ್ಟಿದ್ದಾರೋ ಅವನಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಹುಡುಕತೊಡಗಿದ. ಬಂಪರಿಗೇ ಕಟ್ಟಿ ಎಂದರೆ, “ಬ್ಯಾಡ್ರಿ, ಕಿತ್ತ ಬರತೈತಿ” ಎಂದು ಅಳುದನಿ ಮಾಡಿದ. ಆರು ಗಾಳಿಚೀಲಗಳ ಗಾಡಿಗೆ ಒಂದು ಹಗ್ಗ ಕಟ್ಟುವ ಜಾಗವಿರಲಿಲ್ಲ.

“ಹಗ್ಗ ಯಾಕ? ನನ್ನ ಮಗನ ಗಾಡ್ಯಾಗ ಕುಂದರಸ್ರಿ” ಎಂದ ಯಮನೂರಪ್ಪ.

“ನಿಮ್ಮ ಗಾಡ್ಯಾಗ ನನ್ನ ಮಗಳು ತವರಿಗೆ ಬರಂಗಿಲ್ಲ” ಎಂದ ದೊಡ್ಡಪ್ಪ ಒಳಗಿನಿಂದಲೇ.

“ಹಂಗಾರ ನಿಮ್ಮ ಗಾಡಿ ಏಳೂತನಾ ಅಕಿ ಇಲ್ಲೇ ಹಡೀಬೇಕೇನು?”

ಈ ಮಧ್ಯೆ ಹುಲಿಗೆಮ್ಮ ತವರಿಗೆ ಕಳಿಸುವ ಹೋಳಿಗೆ ಬುಟ್ಟಿಯನ್ನು ತಂದು ಹೊಸ ಗಾಡಿಯ ಮುಂದಿನ ಸೀಟಿನಲ್ಲಿಟ್ಟಳು. ಅದು ಹೇಗಿದ್ದರೂ ಗಂಡನ ಮನೆಯ ಗಾಡಿಯಲ್ಲಿ ಹಿಂದಿನಿಂದ ಬರುವುದೇ. ಹನುಮೇಶ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡಿ ಸ್ವಲ್ಪ ಮುಂದೆ ತಂದದ್ದೇ ತಡ, ಗಾಡಿ ಟಿಣ್ ಟಿಣ್ ಟಿಣ್ ಎಂದು ಹೊಡೆದುಕೊಳ್ಳತೊಡಗಿತು. ನಿಲ್ಲಿಸಿದರೂ ನಿಲ್ಲಲಿಲ್ಲ. ಒಬ್ಬರು ಬಾಗಿಲು ಸರಿಯಾಗಿ ಹಾಕಿ ಎಂದರು, ಒಬ್ಬರು ಬಾಳೆಕಂದು ಬಿಚ್ಚಿ ಎಂದರು. ಕೊನೆಗೆ ತಿಳಿದದ್ದು ಏನೆಂದರೆ, ಬುಟ್ಟಿಯ ಭಾರಕ್ಕೆ ಯಾರೋ ಮನುಷ್ಯ ಕುಳಿತಿದ್ದಾನೆಂದು ಬಗೆದು ಬೆಲ್ಟ್ ಹಾಕು ಎಂದು ಕೂಗುತ್ತಿದೆ. ಹನುಮೇಶ ಬುಟ್ಟಿಗೆ ಬೆಲ್ಟ್ ಹಾಕಿದ. ಸದ್ದು ನಿಂತಿತು.

ಅಂಬಾಸಿಡರಿನ ಕಿಟಕಿಯಿಂದ ದೊಡ್ಡಪ್ಪನ ತಲೆ ಹೊರಬಂತು. “ಲೇ ಅಳಿಯ, ನಿನ್ನ ಗಾಡಿಗೆ ಹೋಳಿಗಿಗೂ ಮನುಷ್ಯಾಗೂ ಫರಕ್ ತಿಳಿಯಂಗಿಲ್ಲಲ್ಲೋ!”

“ನಿಮ್ಮದಕ್ಕ ತನಗ ಜೀವ ಐತೋ ಇಲ್ಲೋ ಅನ್ನೂದ ತಿಳಿಯಂಗಿಲ್ಲ” ಎಂದ ಯಮನೂರಪ್ಪ.

ಮಾತು ಮಾತಿಗೆ ಬೆಳೆಯಿತು. ಗಟ್ಟಿ ತಗಡು ಮೇಲೋ ಏಸಿ ಮೇಲೋ ಎಂಬಲ್ಲಿಂದ ಯಾರ ಮನೆತನ ಮೇಲು ಎಂಬಲ್ಲಿಗೆ ಬರುವುದೊಂದು ಬಾಕಿ ಇತ್ತು. ಮಾರ್ಚಿನ ಬಿಸಿಲು ನೆತ್ತಿಯ ಮೇಲಿತ್ತು. ವಿಜಯಲಕ್ಷ್ಮಿ ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದು, ಮನೆಯ ಒಳಗೂ ಹೋಗಲಾರದೆ, ಗಾಡಿಯನ್ನೂ ಹತ್ತಲಾರದೆ ಗೋಡೆಯ ಗೇಣುದ್ದ ನೆರಳಿನಲ್ಲಿ ನಿಂತಿದ್ದಳು. ಅವಳಿಗೆ ಒಂದು ಕುರ್ಚಿ ಹಾಕಬೇಕೆಂದು ಯಾವ ಗಂಡಸಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

“ಅವ್ವಾ” ಎಂದಳು ವಿಜಯಲಕ್ಷ್ಮಿ. ಸದ್ದು ದೊಡ್ಡದೇನಲ್ಲ. “ಬಸ್ಸು ಎಷ್ಟೊತ್ತಿಗೈತಿ?”

ದೊಡ್ಡವ್ವ ಕಟ್ಟೆಯಿಂದ ಎದ್ದಳು. “ಈಗ ಐತಿ. ಓಣಿ ತಲಿಗೆ ನಿಲ್ಲತೈತಿ.”

“ನಡಿ ಹಂಗಾರ.”

ದೊಡ್ಡಪ್ಪ ಕಾರಿನಿಂದ ಇಳಿದ. “ಏ ವಿಜೀ, ಬಸ್ಸಿನ್ಯಾಗ? ಉಡಿ ತುಂಬಿಸ್ಕೊಂಡು?”

“ಮತ್ತೇನು ಮಾಡ್ಲಿ ಅಪ್ಪ? ನಿನ್ನ ಗಾಡಿ ಏಳವಲ್ದು. ಇವರ ಗಾಡಿ ನಡಿಯಂಗಿಲ್ಲ. ಬಸ್ಸು ಯಾರ ಮನೀದೂ ಅಲ್ಲ. ತವರಿನವ್ರೂ ಒಯ್ದಂಗ, ಅತ್ತಿ ಮನ್ಯವ್ರೂ ಬಿಟ್ಟಂಗಲ್ಲ.” ಗಂಡನ ಕಡೆ ತಿರುಗಿ, “ನೀವು ಹೋಳಿಗಿ ಸಂಭಾಳಿಸ್ಕೊಂಡು ಬರ್ರಿ. ಬೆಲ್ಟ್ ಬಿಚ್ಚೀತು” ಎಂದಳು. ದೊಡ್ಡವ್ವನ ಮಗಳೇ ಹೌದು.

ತಾಯಿ ಮಗಳು ನಡೆದರು. ನಮ್ಮ ಓಣಿಯ ಹೆಂಗಸರು ಹಿಂದೆ. ಬ್ಯಾಗು ಹಿಡಿದು ನಾನೂ ಹೋದೆ. ಬಸ್ಸು ಕಿಕ್ಕಿರಿದಿತ್ತು. ಆದರೂ ಹಸಿರು ಸೀರೆ, ತುಂಬಿದ ಉಡಿ ಕಂಡು ಮುಂದಿನ ಸೀಟಿನಲ್ಲಿದ್ದ ಮುದುಕಿಯರೇ ಎದ್ದು ಜಾಗ ಕೊಟ್ಟರು. ಕಂಡಕ್ಟರ್ ಬಂದು, “ಆಧಾರ್ ತೋರಸ್ರಿ ಯವ್ವಾ, ಫ್ರೀ ಟಿಕೆಟ್‌ಗೆ” ಎಂದ.

“ಹೆಣ್ಣು ಹೌದೋ ಅಲ್ಲೋ ನೋಡಾಕ ಆಧಾರ್ ಬೇಕೇನೋ?” ಎಂದಳು ದೊಡ್ಡವ್ವ. “ಹೊಟ್ಟಿ ಕಾಣವಲ್ದೇನು?”

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ವಿಜಯಲಕ್ಷ್ಮಿ ತಾಯಿಯ ಹೆಗಲಿಗೆ ಒರಗಿದಳು.

“ಅವ್ವಾ, ಅಪ್ಪಗ ಭಾಳ ಕೆಟ್ಟನಿಸಿರಬೇಕು.”

“ಅನ್ನಿಸ್ಲಿ. ಚಕ್ಕಡ್ಯಾಗ ಹುಟ್ಟಿದಾಕಿ ನೀ. ಹುಲ್ಲಿನ ಮ್ಯಾಲೆ. ನಿನಗ ಯಾವ ಗಾಡಿ ಆದ್ರೇನು.”

ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಗಾಜಿನಿಂದ ಕಂಡಿತು. ಬಿಳಿಯ ಅಂಬಾಸಿಡರ್ ಧೂಳೆಬ್ಬಿಸುತ್ತ ಬರುತ್ತಿತ್ತು. ಬಸ್ಸು ಹೊರಟ ಮೇಲೆ ದೊಡ್ಡಪ್ಪ ಸುಮ್ಮನೆ ಒಮ್ಮೆ ಕೀಲಿ ತಿರುವಿದನಂತೆ, ಒಂದೇ ಸಲಕ್ಕೆ ಎದ್ದಿತಂತೆ. ಬಿಸಿಲು ತನ್ನ ಕೆಲಸ ಮಾಡಿತ್ತು. ಹೊಸ ಗಾಡಿ ಅದರ ಹಿಂದೆ, ಬೆಲ್ಟ್ ಹಾಕಿಕೊಂಡ ಹೋಳಿಗೆ ಬುಟ್ಟಿಯ ಜತೆ.

ದೊಡ್ಡಪ್ಪ ಬಸ್ಸನ್ನು ದಾಟಿ ಮುಂದೆ ಹೋಗಲಿಲ್ಲ. ಬಸ್ಸು ಹಳ್ಳಿ ಹಳ್ಳಿಗೆ ನಿಂತಿತು. ಅದು ನಿಂತಲ್ಲೆಲ್ಲ ಅಂಬಾಸಿಡರೂ ನಿಂತಿತು, ಅದರ ಹಿಂದೆ ಹೊಸ ಗಾಡಿಯೂ ನಿಂತಿತು. ಒಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತಿದ್ದವರು ಯಾರೋ ಮಂತ್ರಿ ಬಸ್ಸಿನಲ್ಲಿ ಬಂದಿದ್ದಾನೆಂದು ಎದ್ದು ನಿಂತು ಇಣುಕಿದರು. ದೊಡ್ಡವ್ವ ಕಿಟಕಿಯಿಂದ, “ಕುಂದರ್ರಿ ಕುಂದರ್ರಿ, ಹೋಳಿಗಿ ಮೆರವಣಿಗಿ ಇದು” ಎಂದಳು.

ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲಿ ನಾವು ಇಳಿಯುವಷ್ಟರಲ್ಲಿ ದೊಡ್ಡಪ್ಪ ಕಾರನ್ನು ತಂದು ಹತ್ತಿರ ನಿಲ್ಲಿಸಿದ್ದ. ಇಳಿದು ಹಿಂದಿನ ಬಾಗಿಲು ತೆಗೆದು ಹಿಡಿದು, ಪಕ್ಕಕ್ಕೆ ಸರಿದು ನಿಂತಿದ್ದ. ಸಾಹುಕಾರ್ತಿಗೆ ಬಾಗಿಲು ತೆಗೆದು ತೆಗೆದು ರೂಢಿಯಾದ ನಿಲುವು ಅದು. ಕರೆಯಲಿಲ್ಲ. ಮುಖ ನೋಡಲಿಲ್ಲ.

ವಿಜಯಲಕ್ಷ್ಮಿ ಅವನನ್ನು ಒಮ್ಮೆ ನೋಡಿದಳು. “ಓಣಿ ತನಾ ನಡಿಯಾಕ ಆಗವಲ್ದು ನನಗ” ಎಂದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು. ಆಮೇಲೆ ಸರಿದು ಜಾಗ ಮಾಡಿ, “ಅವ್ವಾ, ಬಾ” ಎಂದಳು.

ದೊಡ್ಡವ್ವ ನಿಂತೇ ಇದ್ದಳು. “ನನ್ನ ಕಾಲು ಗಟ್ಟಿ ಅದಾವು.”

“ಉಡಿ ಹಿಡಿಯಾಕ ಒಬ್ರು ಬೇಕು ಬಾ ಅವ್ವಾ.”

ದೊಡ್ಡವ್ವ ಸೆರಗು ಬಿಗಿದು, ಹೊಲಸು ಕಾಲುವೆ ದಾಟುವವಳಂತೆ ಒಳಗೆ ಕಾಲಿಟ್ಟಳು. ದೊಡ್ಡಪ್ಪ ಬಾಗಿಲು ಹಾಕಿದ. ಧಡ್ ಎನ್ನದ ಹಾಗೆ, ಮೆಲ್ಲಗೆ ಒತ್ತಿ ಹಾಕಿದ.

ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿ ದೂರವೇನಲ್ಲ. ದೊಡ್ಡಪ್ಪ ನೇರ ದಾರಿ ಹಿಡಿಯಲಿಲ್ಲ. ಬಜಾರು ಸುತ್ತಿಸಿ, ಪ್ರಭುರಾಜನ ಅಡತಿ ಅಂಗಡಿಯ ಮುಂದೆ ಎತ್ತಿನ ನಡಿಗೆಯಲ್ಲಿ ಕಾರನ್ನು ಬಿಟ್ಟು ಹಾರ್ನು ಬಾರಿಸಿದ. ಪ್ರಭುರಾಜ ತಲೆಯೆತ್ತಿ ನೋಡಿ, ಹಿಂದಿನ ಸೀಟಿನಲ್ಲಿದ್ದವರು ಯಾರೆಂದು ತಿಳಿಯದೆ, ಅಭ್ಯಾಸಬಲದಿಂದ ಕೈಮುಗಿದ. ದೊಡ್ಡವ್ವ ಸಣ್ಣಗೆ ತಲೆಯಾಡಿಸಿದಳು. ದೊಡ್ಡಪ್ಪ ಮುಂದಿನ ಕನ್ನಡಿಯಲ್ಲಿ ಅದನ್ನು ನೋಡಿದ. ನಾನು ಪಕ್ಕದಲ್ಲೇ ಇದ್ದೆ. ಅವನು ಬೇಕಿಲ್ಲದಿದ್ದರೂ ಇನ್ನೊಮ್ಮೆ ಹಾರ್ನು ಬಾರಿಸಿದ.

ಮನೆಯ ಮುಂದೆ ನಿಂತಾಗ, ಊರಲ್ಲೇ ಉಳಿದಿದ್ದ ಓಣಿಯ ಹೆಂಗಸರು ಆರತಿ ಹಿಡಿದು ಬಂದರು. ಅವರಲ್ಲೊಬ್ಬಳು ಕೆಂಪು ನೀರಿನ ತಟ್ಟೆಯೊಂದಿಗೆ ಕಾರಿನ ಮೂತಿಯ ಕಡೆ ಹೆಜ್ಜೆ ಹಾಕಿದಳು. ದೊಡ್ಡಪ್ಪ ಗಡಬಡಿಸಿ ಇಳಿದು, “ನೆಲಕ್ಕ, ನೆಲಕ್ಕ ಹಾಕು ಯವ್ವಾ” ಎಂದು ಎರಡೂ ಕೈ ಚಾಚಿ ಅಡ್ಡ ನಿಂತ. ವಿಜಯಲಕ್ಷ್ಮಿ ಉಡಿ ಹಿಡಿದು ತವರಿನ ಹೊಸ್ತಿಲು ದಾಟಿದಳು. ಹಿಂದಿನಿಂದ ಬಂದ ಹನುಮೇಶ ಹೋಳಿಗೆ ಬುಟ್ಟಿಯ ಬೆಲ್ಟ್ ಬಿಚ್ಚುತ್ತಿದ್ದ.

ಉಳಿದವರೆಲ್ಲ ಒಳಗೆ ಹೋದ ಮೇಲೆ ದೊಡ್ಡಪ್ಪ ತಡೆಯಲಾರದೆ ದೊಡ್ಡವ್ವನನ್ನು ಕೇಳಿಯೇಬಿಟ್ಟ. “ಹೆಂಗಿತ್ತು?”

ದೊಡ್ಡವ್ವ ಕಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಸೀಟು ಮೆತ್ತಗೈತಿ. ಅಷ್ಟ” ಎಂದಳು. ಒಳಗೆ ಹೋಗುತ್ತ ಹೊಸ್ತಿಲಲ್ಲಿ ನಿಂತು ತಿರುಗಿದಳು. “ಇದಕ್ಕಿಂತ ಚಕ್ಕಡಿ ಛಲೋ ಇತ್ತು. ನೀರು ಬಿತ್ತಂತ ಎತ್ತು ಒಣಗೂತನಾ ಕಾಯಬೇಕಾಗಿರಲಿಲ್ಲ.”